ಬಸ್ಸಿನ ಎರಡನೆಯ ಸೀನು

ಬಸ್ಸಿನ ಅಡಿಗೆ ನುಸುಳಿ ಏರ್ ಟ್ಯಾಂಕಿನ ತಳದ ಉಂಗುರವನ್ನು ಎಳೆದೆ. ಬರಿಯ ಗಾಳಿ ಬರಬೇಕಿತ್ತು. ಅದರ ಬದಲು ಕಲಗಚ್ಚಿನ ಬಣ್ಣದ ನೀರು ರಭಸದಿಂದ ಚಿಮ್ಮಿ ಚೂಡಿದಾರದ ತೋಳನ್ನು ಮೊಣಕೈವರೆಗೆ ತೋಯಿಸಿತು. ಆ ಬಸ್ಸಿನ ಏರ್ ಡ್ರೈಯರ್‌ಗೆ ಹೊಸ ಕಾರ್ಟ್ರಿಡ್ಜ್ ಹಾಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಹಾಕಿದವಳು ನಾನೇ. ಬೈಯಲು ಬೇರೆ ಯಾರೂ ಸಿಗದೆ ಬಸ್ಸಿಗೇ ಎರಡು ಮಾತು ಬೈದು ಹೊರಗೆ ಬಂದೆ.

ಬಸ್ಸು, ಲಾರಿಗಳ ಬ್ರೇಕು ಗಾಳಿಯಿಂದ ನಡೆಯುತ್ತದೆ. ಇಂಜಿನ್ನಿಗೆ ಜೋಡಿಸಿದ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಡ್ರೈವರ್ ಪೆಡಲ್ ಒತ್ತಿದಾಗ ಆ ಗಾಳಿ ಚಕ್ರಗಳ ಬಳಿಗೆ ಹೋಗಿ ಬ್ರೇಕ್ ಹಿಡಿಸುತ್ತದೆ. ಆದರೆ ಗಾಳಿಯ ಜೊತೆ ತೇವವೂ ಬರುತ್ತದಲ್ಲ, ಅದೇ ತಾಪತ್ರಯ. ತೇವ ತಣಿದು ನೀರಾಗುತ್ತದೆ, ನೀರಿನಿಂದ ತುಕ್ಕು, ತುಕ್ಕು ವಾಲ್ವ್‌ಗಳಲ್ಲಿ ಕೂತರೆ ಬ್ರೇಕಿಗೆ ಸೋಮಾರಿತನ. ಹಿಂದೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಕ್ಲೀನರ್ ಉಂಗುರ ಎಳೆದು ನೀರು ಬಸಿಯುತ್ತಿದ್ದ. ಆ ಕೆಲಸವನ್ನು ತಾನೇ ಮಾಡಲು ಬಂದದ್ದು ಏರ್ ಡ್ರೈಯರ್. ದೊಡ್ಡ ತಂಬಿಗೆಯಷ್ಟಿರುವ ಡಬ್ಬ, ಅದರೊಳಗಿನ ಕಾರ್ಟ್ರಿಡ್ಜಿನಲ್ಲಿ ಸಾಬಕ್ಕಿಯಂಥ ಬಿಳಿ ಮಣಿಗಳು. ಟ್ಯಾಂಕಿಗೆ ಹೋಗುವ ಗಾಳಿ ಆ ಮಣಿಗಳ ನಡುವೆ ಹಾದುಹೋಗುವಾಗ ಅವು ತೇವವನ್ನು ಹೀರಿಕೊಳ್ಳುತ್ತವೆ. ಟ್ಯಾಂಕು ತುಂಬಿತು ಅನ್ನುವಾಗ ಡಬ್ಬದ ತಳದ ವಾಲ್ವ್ ಫಟ್ಟನೆ ತೆರೆದುಕೊಂಡು, ಒಳಗಿನ ಗಾಳಿ ನೀರನ್ನೆಲ್ಲ ಕೊಚ್ಚಿಕೊಂಡು ರಸ್ತೆಗೆ ಬೀಳುತ್ತದೆ. ಹಿಂದೆಯೇ ಸ್ವಲ್ಪ ಒಣಗಾಳಿ ತಿರುಗಿ ಬಂದು ಮಣಿಗಳನ್ನು ಒಣಗಿಸುತ್ತದೆ. ಹೊರಗೆ ನಿಂತವರಿಗೆ ಕೇಳುವುದು ಒಂದೇ ಸದ್ದು: ದೊಡ್ಡ ಪ್ರಾಣಿಯೊಂದು ಸೀನಿದ ಹಾಗೆ, "ಫ್ಛೀ". ಈ ಸದ್ದು ಕೇಳಿದರೆ ಡ್ರೈಯರ್ ಆರೋಗ್ಯವಾಗಿದೆ ಎಂದರ್ಥ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬ್ರೇಕ್ ಸಾಮಾನು ಮಾಡುವ ಕಂಪನಿಯೊಂದರ ಸರ್ವೀಸ್ ವಿಭಾಗದ ಕೆಲಸ ಬಿಟ್ಟು, ಚಾಮರಾಜಪೇಟೆಯ ಹಿಂಬೀದಿಯಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ನಾನು ಸ್ವಂತ ಕೆಲಸ ಶುರುಮಾಡಿದ್ದೆ. ಆಟೊಮೊಬೈಲ್ ಡಿಪ್ಲೊಮಾ ಮಾಡಿದ ಹೆಂಗಸು ಬಸ್ಸಿನ ಕೆಳಗೆ ಮಲಗುತ್ತಾಳೆ ಎಂಬುದನ್ನು ನೋಡಲೆಂದೇ ಕೆಲವರು ಬರುತ್ತಿದ್ದರು. ನೋಡಿ ಹೋಗುವವರೇ ಹೆಚ್ಚು, ಗಾಡಿ ಬಿಟ್ಟು ಹೋಗುವವರು ಕಡಿಮೆ. ಬಿಟ್ಟು ಹೋದ ಮೊದಲ ದೊಡ್ಡ ಗಿರಾಕಿ ಎಂದರೆ ಎರಡು ರಸ್ತೆ ಆಚೆ ಆಫೀಸಿದ್ದ ಯಾತ್ರಾ ಬಸ್ಸುಗಳ ಮಾಲೀಕರು. ಬಸವನಗುಡಿ, ಎನ್.ಆರ್. ಕಾಲೋನಿ, ಹನುಮಂತನಗರದ ಹಿರಿಯರನ್ನು ಧರ್ಮಸ್ಥಳ, ಶೃಂಗೇರಿ, ಮಂತ್ರಾಲಯ ತೋರಿಸಿಕೊಂಡು ಬರುವುದು ಅವರ ವ್ಯವಹಾರ. ಅಡುಗೆಯವರು, ಒಲೆ, ತರಗುಪೇಟೆಯಿಂದ ತಂದ ಅಕ್ಕಿ ಬೇಳೆ, ಎಲ್ಲವೂ ಬಸ್ಸಿನ ಜೊತೆಯೇ ಹೋಗುತ್ತಿದ್ದವು. ಅವರ ಐದು ಬಸ್ಸುಗಳಲ್ಲಿ ಮೂರಕ್ಕೆ ನಾನು ಡ್ರೈಯರ್ ಕೂರಿಸಿದ್ದೆ. ಚೆನ್ನಾಗಿ ನಡೆದರೆ ಉಳಿದೆರಡಕ್ಕೂ ಹಾಕುವುದು, ಎಲ್ಲ ಬಸ್ಸುಗಳ ವರ್ಷದ ಮೇಂಟೆನೆನ್ಸ್ ನನಗೇ ಕೊಡುವುದು ಎಂದು ಮಾತಾಗಿತ್ತು. ಟ್ಯಾಂಕಿನಲ್ಲಿ ಒಂದು ತೊಟ್ಟು ನೀರು ಕಂಡರೆ ನನ್ನನ್ನು ಕೇಳಿ ಎಂದು ನಾನೂ ಜಂಬದಿಂದ ಹೇಳಿದ್ದೆ. ಈಗ ಅವರು ಕೇಳಲು ಬಂದರು.

ನನ್ನ ಒದ್ದೆ ತೋಳನ್ನು ನೋಡಿಯೇ ಅವರಿಗೆ ಅರ್ಧ ಉತ್ತರ ಸಿಕ್ಕಿತ್ತು. ಆದರೂ ಜೋರು ಮಾಡುವ ಮನುಷ್ಯರಲ್ಲ.

"ನಿಮ್ ಡ್ರೈಯರ್ರು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಾಯ್ತಲ್ಲಮ್ಮ" ಎಂದರು. "ಘಾಟಿ ಇಳಿಯೋ ಬಸ್ಸು ಇದು. ದಸರಾ ಮುಗಿಯೋವರೆಗೂ ನೋಡ್ತೀನಿ. ಆಮೇಲೂ ನೀರು ಬಂದ್ರೆ ಬಿಚ್ಚಿಸಿ ನಿಮಗೇ ವಾಪಸ್ ಕಳಿಸ್ತೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುವುದು? ಅವರು ಬಿಚ್ಚಿಸಿದರೆ ಆ ಸುದ್ದಿ ಸಂಜೆಯೊಳಗೆ ಕಲಾಸಿಪಾಳ್ಯದ ಖಾಸಗಿ ಬಸ್ ನಿಲ್ದಾಣ ಮುಟ್ಟುತ್ತದೆ. ಆಮೇಲೆ ನನ್ನ ಶೆಡ್ಡಿಗೆ ಬರುವುದು ಮಳೆ ನೀರು ಮಾತ್ರ.

ಕಂಪನಿಯಲ್ಲಿ ಕಲಿತ ಕ್ರಮದಲ್ಲೇ ಹೊರಟೆ. ಮಣಿಗಳು ಬೇಗ ಕೆಡುವುದಕ್ಕೆ ಸಾಮಾನ್ಯ ಕಾರಣ ಎಣ್ಣೆ. ಕಂಪ್ರೆಸರ್ ಹಳತಾದರೆ ಗಾಳಿಯ ಜೊತೆ ಇಂಜಿನ್ ಆಯಿಲನ್ನೂ ಕಕ್ಕುತ್ತದೆ. ಆ ಎಣ್ಣೆ ಮಣಿಗಳಿಗೆ ಮೆತ್ತಿಕೊಂಡರೆ ಅವು ನೀರು ಹೀರುವುದಿಲ್ಲ. ಕಾರ್ಟ್ರಿಡ್ಜ್ ಬಿಚ್ಚಿದೆ. ಮಣಿಗಳು ನೆನೆದು ಮುದ್ದೆಯಾಗಿದ್ದವು, ಸ್ವಲ್ಪ ಎಣ್ಣೆಯ ಜಿಡ್ಡೂ ಇತ್ತು. ಸಿಕ್ಕಿತು ಕಳ್ಳ ಎಂದು ಕಂಪ್ರೆಸರ್ ಇಳಿಸಿ ರಿಂಗ್‌ಗಳನ್ನು ಬದಲಿಸಿದೆ. ಅಲ್ಲಿಂದ ಡ್ರೈಯರ್‌ಗೆ ಬರುವ ಪೈಪನ್ನು ಬಿಚ್ಚಿ ಕರಕಲು ಕೆರೆದು ತೆಗೆದೆ. ಗಾಳಿ ಎಷ್ಟಕ್ಕೆ ತುಂಬಿ ನಿಲ್ಲುತ್ತದೆ, ಎಷ್ಟಕ್ಕೆ ಇಳಿದರೆ ಮತ್ತೆ ತುಂಬಲು ಶುರುಮಾಡುತ್ತದೆ ಎಂಬುದನ್ನು ಡ್ರೈವರ್ ಮುಂದಿನ ಗಡಿಯಾರದಂಥ ಗೇಜಿನಲ್ಲಿ ನೋಡದೆ, ನನ್ನದೇ ಗೇಜ್ ಜೋಡಿಸಿ ಅಳೆದೆ. ಎಲ್ಲ ಸರಿಯಿತ್ತು. ಹೊಸ ಮಣಿಗಳನ್ನು ಹಾಕಿ ಇಂಜಿನ್ ಓಡಿಸಿದಾಗ ಬಸ್ಸು ಶೆಡ್ಡಿನ ತಗಡು ಅದುರುವಂತೆ ಸೀನಿತು. ಎಷ್ಟು ಖುಷಿಯಾಯಿತೆಂದರೆ ನಮ್ಮ ಮೆಕ್ಯಾನಿಕ್‌ಗೆ ಮಸಾಲೆದೋಸೆ ಕೊಡಿಸಿದೆ.

ಎರಡು ಯಾತ್ರೆ ಮುಗಿಸಿ ಬಂದ ಬಸ್ಸಿನ ಉಂಗುರ ಎಳೆದರೆ ಅದೇ ಕಲಗಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ದೋಸೆಯೂ ದಂಡವಾಯಿತು.

ದಾರಿ ತೋರಿಸಿದ್ದು ಮೂರನೆಯ ಬಸ್ಸು. ಅದಕ್ಕೂ ಅದೇ ಡ್ರೈಯರ್, ಅದೇ ಮಣಿ. ಆದರೆ ಅದನ್ನು ಮಾಲೀಕರು ಆ ತಿಂಗಳುಗಳಲ್ಲಿ ಯಾತ್ರೆಗೆ ಕಳಿಸದೆ ಫ್ಯಾಕ್ಟರಿಯೊಂದರ ಕೆಲಸಗಾರರನ್ನು ಕರೆತರಲು ಬಾಡಿಗೆಗೆ ಬಿಟ್ಟಿದ್ದರು. ಅದರ ಟ್ಯಾಂಕಿನ ಉಂಗುರ ಎಳೆದಾಗ ಬಂದ ಗಾಳಿ ಎಷ್ಟು ಒಣಗಿತ್ತೆಂದರೆ, ಕೆಳಗೆ ಹಿಡಿದ ಕಾಗದದ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ. ಅಂದ ಮೇಲೆ ರೋಗ ಡಬ್ಬದಲ್ಲೂ ಇಲ್ಲ, ಕಂಪ್ರೆಸರ್‌ನಲ್ಲೂ ಇಲ್ಲ. ಯಾತ್ರೆಗೆ ಹೋಗುವ ಬಸ್ಸಿಗೆ ಮಾತ್ರ ಆಗುವುದೇನೋ ಆಗುತ್ತಿದೆ. ಅದೇನೆಂದು ಶೆಡ್ಡಿನಲ್ಲಿ ಕೂತು ಹುಡುಕಿದರೆ ಸಿಗುವುದಿಲ್ಲ. ಬಸ್ಸು ಹೊರಡುವ ಜಾಗಕ್ಕೇ ಹೋಗಿ ನೋಡುವುದೆಂದು ನಿಶ್ಚಯಿಸಿದೆ.

ಎನ್.ಆರ್. ಕಾಲೋನಿಯ ಮರದ ಕೆಳಗೆ ಬೆಳಗಿನ ಜಾವದಲ್ಲೇ ಬಸ್ಸು ನಿಂತಿತ್ತು. ಸ್ವೆಟರ್ ಹಾಕಿಕೊಂಡ ಅಜ್ಜಂದಿರು ಸೀಟಿನ ನಂಬರಿಗಾಗಿ ನಯವಾಗಿ ಜಗಳವಾಡುತ್ತಿದ್ದರು. ಅಜ್ಜಿಯರು ಚಕ್ಕುಲಿ ಡಬ್ಬಗಳನ್ನು ಕಿಟಕಿಯಿಂದ ಕಿಟಕಿಗೆ ದಾಟಿಸುತ್ತಿದ್ದರು. ಹಿರಿಯ ಡ್ರೈವರ್ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಬಸ್ಸಿನ ಮುಂದೆ ಊದುಬತ್ತಿ ಬೆಳಗಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದರು. ಐವತ್ತು ದಾಟಿದ ಮನುಷ್ಯ, ಆ ಮಾಲೀಕರ ಬಳಿ ಮೊದಲ ಬಸ್ಸಿನಿಂದಲೂ ಇದ್ದವರು. ಇಂಜಿನ್ ಶುರುವಾಯಿತು. ನಾನು ಎದುರಿನ ಮನೆಯ ಕಾಂಪೌಂಡಿಗೆ ಒರಗಿ ಸೀನಿಗಾಗಿ ಕಾದೆ. ಗಾಳಿ ತುಂಬಲು ಬೇಕಾದ ಹೊತ್ತು ಕಳೆಯಿತು. ಅದರ ಎರಡರಷ್ಟೂ ಕಳೆಯಿತು. ಎಲ್ಲರೂ "ಗೋವಿಂದಾ ಗೋವಿಂದ" ಎಂದರು, ಬಸ್ಸು ಕದಲಿತು. ಸೀನಲಿಲ್ಲ.

ಓಡಿಹೋಗಿ ಬಸ್ಸಿಗೆ ಕೈ ಅಡ್ಡ ಹಿಡಿದೆ. ನನ್ನನ್ನು ಕಂಡು ಡ್ರೈವರ್ ಮುಖ ಕಳೆಗುಂದಿತು. ಒಂದು ನಿಮಿಷ ನಿಲ್ಲಿಸಿ ಎಂದು ಹೇಳಿ ಅಡಿಗೆ ನುಸುಳಿದೆ. ಡ್ರೈಯರಿನ ಬಾಯಿಯಲ್ಲಿ, ಅದೇ ಸೀನು ಹೊರಬರುವ ತೂತಿನಲ್ಲಿ, ತೆಂಗಿನಕಾಯಿಯ ನಾರನ್ನು ಉಂಡೆ ಮಾಡಿ, ಹಳೇ ಪಂಚೆಯ ಚೂರಿನಲ್ಲಿ ಸುತ್ತಿ, ಗಿಡಿದು, ತಂತಿಯಿಂದ ಬಿಗಿದಿದ್ದರು. ಗಾಳಿ ಅದರ ಮೂಲಕ ಸದ್ದಿಲ್ಲದೆ ಸ್ವಲ್ಪ ಸ್ವಲ್ಪವೇ ಜಿನುಗುತ್ತಿತ್ತು. ರಭಸವಾಗಿ ಹೊರಬೀಳದ ಗಾಳಿ ನೀರನ್ನು ಕೊಚ್ಚಿಕೊಂಡು ಹೋಗುವುದು ಹೇಗೆ? ಮಣಿಗಳು ಒಣಗುವುದು ಹೇಗೆ? ಮೂಗು ಕಟ್ಟಿದ ಡ್ರೈಯರ್ ನೀರನ್ನೆಲ್ಲ ಒಳಗೇ ನುಂಗಿಕೊಂಡು ಟ್ಯಾಂಕಿಗೆ ದಾಟಿಸುತ್ತಿತ್ತು. ಹೊರಹೋಗಲಾರದ ಗಾಳಿಯನ್ನು ತಳ್ಳಿ ತಳ್ಳಿ ಕಂಪ್ರೆಸರ್ ಬಿಸಿಯಾಗಿ ಎಣ್ಣೆ ಕಕ್ಕುತ್ತಿತ್ತು. ಶೆಡ್ಡಿಗೆ ತರುವ ಮುಂಚೆ ನಾರು ಮಾಯವಾಗುತ್ತಿತ್ತು.

ನನಗೆ ಪಿತ್ತ ನೆತ್ತಿಗೇರಿತು. ನಾರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಹೊರಬಂದೆ. ಆದರೆ ಬಸ್ಸಿನ ತುಂಬ ಜನ ಇಣುಕಿ ನೋಡುತ್ತಿದ್ದರು, ಬೈಗುಳ ಗಂಟಲಲ್ಲೇ ನಿಂತಿತು. ಡ್ರೈವರ್ ಕೆಳಗಿಳಿದು ಬಂದು, ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದರು.

"ಡ್ರೈಯರ್ ಹಾಕಿದ್ ಮೇಲೆ ಮೊದಲನೇ ಟ್ರಿಪ್ಪು, ಮೇಡಂ. ಕಾಯಿ ಒಡ್ದೆ, ಎಲ್ರೂ ಗೋವಿಂದ ಅಂದ್ರು, ಗೇರ್ ಹಾಕೋ ಹೊತ್ಗೆ ಸರ್ಯಾಗಿ ಬಸ್ಸು ಸೀನ್‌ಬಿಡ್ತು. ಅದೂ ಒಂಟಿ ಸೀನು. ಮುಂದಿನ ಸೀಟಿನ ಅಜ್ಜಿ ಎದ್ದು ಇಳಿದ್ರು. ಅವರ ಹಿಂದೆ ಅರ್ಧ ಬಸ್ಸೇ ಇಳೀತು. ಮನುಷ್ಯ ಸೀನಿದ್ರೆ ಒಂದು ಗುಟುಕು ನೀರು ಕುಡಿಸಿ ಕೂರಿಸ್ಬೋದು. ಬಸ್ಸೇ ಸೀನಿದ್ರೆ ಏನ್ ಮಾಡ್ಲಿ, ನೀವೇ ಹೇಳಿ."

ಹೊರಡುವಾಗ ಒಂಟಿ ಸೀನು ಅಪಶಕುನ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆ ದಿನ ಅವರನ್ನೆಲ್ಲ ಮತ್ತೆ ಹತ್ತಿಸಲು ಸಾಕುಬೇಕಾಯಿತಂತೆ. ಒಂದು ಮನೆಯವರು ಬರುವುದೇ ಇಲ್ಲ ಎಂದು ಹೋಗಿಬಿಟ್ಟರಂತೆ. ಮಾಲೀಕರಿಗೆ ಹೇಳಿದರೆ ಡ್ರೈಯರನ್ನೇ ಕೀಳಿಸುತ್ತಾರೆ, ಪಾಪ ಮೇಡಂ ಹೊಸದಾಗಿ ಶೆಡ್ ಹಾಕಿದ್ದಾರೆ ಎಂದು ಇವರೇ ಉಪಾಯ ಹೂಡಿ, ಒಡೆದ ಕಾಯಿಯ ನಾರನ್ನೇ ತುರುಕಿದ್ದಾರೆ. ಇನ್ನೊಂದು ಬಸ್ಸಿನ ಡ್ರೈವರಿಗೂ ಇವರೇ ಹೇಳಿಕೊಟ್ಟಿದ್ದಾರೆ. ನನ್ನ ಡ್ರೈಯರನ್ನು ಕೊಂದದ್ದು ನನ್ನ ಮೇಲಿನ ಅಕ್ಕರೆ! ಇದಕ್ಕೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ನಾರು ಮಾತ್ರ ಮತ್ತೆ ಹಾಕಕೂಡದು, ಈ ಟ್ರಿಪ್ಪು ಮುಗಿಯುವಷ್ಟರಲ್ಲಿ ಏನಾದರೂ ದಾರಿ ಹುಡುಕುತ್ತೇನೆ, ಅಲ್ಲಿಯವರೆಗೆ ದಿನವೂ ಉಂಗುರ ಎಳೆದು ನೀರು ಬಸಿಯಿರಿ ಎಂದು ಹೇಳಿ ಕಳಿಸಿದೆ.

ದಾರಿ ಹುಡುಕುತ್ತೇನೆ ಎಂದು ಬಾಯಿಗೆ ಬಂದಂತೆ ಹೇಳಿದ್ದಾಯಿತು. ಸದ್ದಡಗಿಸುವ ಡಬ್ಬ ಜೋಡಿಸೋಣವೆಂದರೆ ಆ ಮಾದರಿಗೆ ಸಿಗುತ್ತಿರಲಿಲ್ಲ. ಕಾಯಿ ಒಡೆಯುವ ಮುಂಚೆಯೇ ಇಂಜಿನ್ ಓಡಿಸಿ ಸೀನಿಸಿಬಿಡೋಣವೆಂದರೆ, ಹೊರಟು ಎರಡು ತಿರುವು ದಾಟಿ ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಗಾಳಿ ಇಳಿದು, ಮತ್ತೆ ತುಂಬಿ, ಬಸವನಗುಡಿ ದಾಟುವ ಮುಂಚೆಯೇ ಒಂಟಿ ಸೀನು ಬಂದೇ ಬರುತ್ತದೆ. ಇದೆಲ್ಲ ಮೂಢನಂಬಿಕೆ, ಇದು ವಿಜ್ಞಾನ ಎಂದು ಮೈಕ್ ಹಿಡಿದು ಅಜ್ಜಿಯರಿಗೆ ಪಾಠ ಮಾಡುವ ಧೈರ್ಯ ನನಗಿರಲಿಲ್ಲ. ನಮ್ಮ ಮನೆಯಲ್ಲೇ ಒಬ್ಬರು ಅತ್ತೆ ಇದ್ದರು, ಅವರ ಮುಂದೆಯೇ ನನ್ನ ವಿಜ್ಞಾನ ನಡೆಯುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹನುಮಂತನಗರದ ನಮ್ಮ ಮನೆಯಲ್ಲಿ ಅತ್ತೆ ಒಗ್ಗರಣೆ ಹಾಕುತ್ತಿದ್ದರು. ಮೆಣಸಿನಕಾಯಿಯ ಘಾಟು ಮನೆಯೆಲ್ಲ ಹಬ್ಬಿತ್ತು. ನಾನು ಒಂದು ಚಪ್ಪಲಿ ಮೆಟ್ಟಿ ಇನ್ನೊಂದಕ್ಕೆ ಕಾಲು ಹಾಕುವಾಗ ನನ್ನ ಗಂಡ ಒಳಗೆ ಗಟ್ಟಿಯಾಗಿ ಸೀನಿದರು. ಅತ್ತೆ ಸೌಟು ಹಿಡಿದೇ ಹೊರಬಂದು ನನ್ನನ್ನು ತಡೆದರು. ಸೀನಿದವರನ್ನು ಬಿಟ್ಟು ಹೊರಟವಳನ್ನು ಹಿಡಿಯುವುದು ಯಾವ ನ್ಯಾಯ ಎಂದು ನಾನು ಗೊಣಗಿದೆ. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ಸೀನು ಬಂತು.

"ಹಾಂ, ಜೋಡಿ ಆಯ್ತು" ಎಂದರು ಅತ್ತೆ. "ಇನ್ನು ಹೋಗಮ್ಮ, ಏನೂ ದೋಷ ಇಲ್ಲ."

ಒಂದೇ ಚಪ್ಪಲಿಯಲ್ಲಿ ನಿಂತುಬಿಟ್ಟೆ. ಒಂದು ಸೀನು ಕೆಟ್ಟದ್ದು, ಎರಡು ಸೀನು ಶುಭ. ಬಸ್ಸನ್ನು ಸುಮ್ಮನಿರಿಸಲು ಇಷ್ಟು ದಿನ ಒದ್ದಾಡಿದೆವಲ್ಲ, ಅದಕ್ಕೆ ಎರಡು ಸಲ ಸೀನಲು ಹೇಳಿದರೆ ಮುಗಿಯಿತು. ಹೊರಡುವಾಗ ಜೋಡಿ ಆಗಿಬಿಟ್ಟರೆ ದಾರಿಯಲ್ಲಿ ಬರುವುದನ್ನು ಯಾರೂ ಎಣಿಸುತ್ತಾ ಕೂರುವುದಿಲ್ಲ. ಮೊದಲ ಸೀನಾದ ಮೇಲೆ ಡ್ರೈವರ್ ನಿಂತಲ್ಲೇ ಬ್ರೇಕ್ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಗಾಳಿ ಖರ್ಚು ಮಾಡಬೇಕು. ಗಾಳಿ ಇಳಿದಾಗ ಕಂಪ್ರೆಸರ್ ಮತ್ತೆ ತುಂಬಲು ಶುರುಮಾಡುತ್ತದೆ. ತುಂಬಿದಾಗ ಎರಡನೆಯ ಸೀನು. ಇನ್ನೂ ಚೆಂದವೆಂದರೆ, ಇದು ಕಂಪನಿಯಲ್ಲಿ ನಾವು ಎಲ್ಲ ಡ್ರೈವರುಗಳನ್ನೂ ಬೇಡಿಕೊಳ್ಳುತ್ತಿದ್ದ, ಯಾವ ಡ್ರೈವರೂ ಮಾಡದ ದಿನದ ತಪಾಸಣೆಯೇ. ಮೊದಲ ಸೀನು ಟ್ಯಾಂಕು ತುಂಬಿತು ಎಂದಷ್ಟೇ ಹೇಳುತ್ತದೆ. ಗಾಳಿ ಖಾಲಿಯಾದರೆ ಮತ್ತೆ ತುಂಬುತ್ತದೆಯೇ ಎಂದು ಹೇಳುವುದು ಎರಡನೆಯದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದೆ. ಅವರಿಗೆ ಅನುಮಾನ ಬಂದು, ಹುಷಾರಾಗಿದ್ದೀಯಾ ಎಂದು ಹಣೆ ಮುಟ್ಟಿ ನೋಡಿದರು.

ಶೆಡ್ಡಿನಲ್ಲಿ ಪ್ರಯೋಗ ಮಾಡಿದಾಗ ಲೆಕ್ಕ ತಪ್ಪಿತು. ಇಂಜಿನ್ ಮೆಲ್ಲಗೆ ಓಡುತ್ತಿದ್ದರೆ ಎರಡನೆಯ ಸೀನು ಬರುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಅಷ್ಟು ಅಂತರವಾದರೆ ಅದನ್ನು ಯಾರು ಜೋಡಿ ಎನ್ನುತ್ತಾರೆ? ಎರಡು ಒಂಟಿ ಸೀನು ಎಂದೇ ಲೆಕ್ಕ ಹಾಕುತ್ತಾರೆ. ಡ್ರೈವರ್ ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು. ಅವರೇ ಪೆಡಲ್ ಮೇಲೆ ಅಭ್ಯಾಸ ಮಾಡಿದರು. ಗೇಜಿನ ಮುಳ್ಳು ಎಲ್ಲಿಗೆ ಇಳಿದರೆ ಕಂಪ್ರೆಸರ್ ಕೆಲಸಕ್ಕೆ ಹಿಂತಿರುಗುತ್ತದೋ ಅಲ್ಲಿಗೆ ಸರಿಯಾಗಿ ಪೆಡಲ್ ನಿಲ್ಲಿಸಿ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿದರೆ ಬೇಗ ಬರುತ್ತದೆ ಎಂದು ಕಂಡುಕೊಂಡರು. ಸಂಜೆಯ ಹೊತ್ತಿಗೆ, "ಗೋವಿಂದಾ ಗೋವಿಂದ" ಎಂದು ನಿಧಾನವಾಗಿ ಹೇಳಿ ಮುಗಿಸುವುದರೊಳಗೆ ಎರಡನೆಯದನ್ನು ತರಿಸುವಷ್ಟು ಪಳಗಿದರು. ಎರಡೂ ಬಸ್ಸುಗಳಿಗೆ ಹೊಸ ಕಾರ್ಟ್ರಿಡ್ಜ್ ಹಾಕಿದೆ. ಮಾಲೀಕರಿಗೆ, ಹೊರಡುವ ಮುಂಚೆ ಎರಡು ಸಲ ಗಾಳಿ ಪರೀಕ್ಷೆ ಮಾಡುವ ಹೊಸ ಪದ್ಧತಿ ಎಂದಷ್ಟೇ ಹೇಳಿದೆ.

ಮುಂದಿನ ಯಾತ್ರೆಗೆ ನಾನೂ ಹೋಗಿ ನಿಂತೆ. ಕಾಯಿ ಒಡೆದಾಯಿತು. ಡ್ರೈವರ್ ಸೀಟಿನಿಂದ ತಿರುಗಿ, ಈಗ ಬಸ್ಸು ಎರಡು ಸಲ ಸೀನುತ್ತದೆ, ಎರಡೂ ಆದ ಮೇಲೆಯೇ ನಾನು ಗೇರ್ ಹಾಕುವುದು ಎಂದು ಎಲ್ಲರಿಗೂ ತಿಳಿಸಿದರು. ಮೊದಲ ಸೀನಿಗೆ ಯಾರೋ "ಅಯ್ಯೋ" ಎಂದರು. ಪೆಡಲಿನ ಸದ್ದು ಒಂದಷ್ಟು ಹೊತ್ತು ಉಸಿರಾಡಿದಂತೆ ಕೇಳಿತು. ಆಮೇಲೆ ಬಂತು ನೋಡಿ ಎರಡನೆಯದು, ಮೊದಲನೆಯದಕ್ಕಿಂತ ಜೋರಾಗಿ. ಹಿಂದಿನ ಸೀಟಿನವರೆಗೂ ನಗು ಹರಿಯಿತು. ಒಬ್ಬ ಅಜ್ಜ ಕಿಟಕಿಯಿಂದ ಕೈ ಚಾಚಿ, ಎಳೆಮಗು ಸೀನಿದಾಗ ಹೇಳುವ ಹಾಗೆ ಬಸ್ಸಿನ ಮೈ ತಟ್ಟಿ "ಚಿರಂಜೀವಿ" ಎಂದರು.

ಆ ಯಾತ್ರೆ ಮುಗಿದು ಬಂದಾಗ ಟ್ಯಾಂಕಿನ ಕೆಳಗೆ ಕಾಗದ ಹಿಡಿದು ಉಂಗುರ ಎಳೆದೆ. ಕಾಗದ ಒಣಗಿಯೇ ಉಳಿಯಿತು. ಇಂಥ ಸಂತೋಷವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ, ಏನೂ ಬಾರದೆ ಇರುವುದನ್ನು ನೋಡಿ ಕುಣಿಯುವ ಕೆಲಸ ನಮ್ಮದು. ಅಲ್ಲಿಂದ ಮುಂದೆ ಯಾತ್ರಿಕರೇ ನನ್ನ ಇನ್ಸ್‌ಪೆಕ್ಟರುಗಳಾದರು. ಸೀನಿನ ಜೊತೆ ಬೆಳ್ಳಗೆ ನೊರೆ ಬಂದರೆ ಬಸ್ಸಿಗೆ ನೆಗಡಿಯಾಗಿದೆ ಎಂದು ಡ್ರೈವರಿಗೆ ದೂರು ಹೋಗುತ್ತಿತ್ತು. ನಾನು ಅದನ್ನು ಮಣಿ ಬದಲಿಸುವ ಕಾಲ ಬಂತು ಎಂದು ಓದಿಕೊಳ್ಳುತ್ತಿದ್ದೆ. ಎರಡು ಸೀನುಗಳ ನಡುವೆ ಹೊತ್ತು ಜಾಸ್ತಿಯಾದರೆ ಕಂಪ್ರೆಸರ್ ನೋಡುತ್ತಿದ್ದೆ.

ದಸರೆಯ ರಜೆಯ ಕೊನೆಯ ಯಾತ್ರೆ ಒಂದು ಸೋಮವಾರ ಹೊರಡುವುದಿತ್ತು. ಧರ್ಮಸ್ಥಳಕ್ಕೆ, ಶಿರಾಡಿ ಘಾಟಿಯ ದಾರಿ. ಬೆಳಿಗ್ಗೆ ಮನೆಗೆ ಫೋನ್ ಬಂತು. ಮಾಲೀಕರೇ ಮಾತಾಡಿದರು. ಕೂಡಲೇ ಬನ್ನಿ ಎಂದಷ್ಟೇ ಹೇಳಿ ಇಟ್ಟರು. ಟೂಲ್ ಬ್ಯಾಗು ಹಾಕಿಕೊಂಡು ಮೊಪೆಡ್ಡಿನಲ್ಲಿ ಎನ್.ಆರ್. ಕಾಲೋನಿಗೆ ಹೋದರೆ ಯಾತ್ರಿಕರೆಲ್ಲ ಫುಟ್‌ಪಾತಿನಲ್ಲಿದ್ದರು. ಬಸ್ಸಿನ ಬಾಗಿಲಿಗೆ ಅಡ್ಡವಾಗಿ ಒಬ್ಬರು ಅಜ್ಜಿ ಕೊಡೆ ಊರಿಕೊಂಡು ನಿಂತಿದ್ದರು. ನಿವೃತ್ತ ಶಾಲಾ ಟೀಚರ್ ಎಂದು ಆಮೇಲೆ ತಿಳಿಯಿತು, ನಿಂತ ಭಂಗಿಯಲ್ಲೇ ಊಹಿಸಬಹುದಿತ್ತು.

ಮಾಲೀಕರು ಅವರನ್ನು ಬೇಡಿಕೊಳ್ಳುತ್ತಿದ್ದರು. ಏಳೂವರೆಗೆ ರಾಹುಕಾಲ ಶುರು, ಅಷ್ಟರಲ್ಲಿ ಹೊರಟುಬಿಡೋಣ, ಒಂದು ಸೀನು ಬಂದಿದೆಯಲ್ಲ ಎಂದು.

"ಒಂದು ಬಂದಿರೋದೇ ತೊಂದ್ರೆ" ಎಂದರು ಟೀಚರಮ್ಮ. "ಹೋದ ಸಲ ಎರಡಾಗಿತ್ತು. ಎರಡನೇದು ಆಗದೆ ನಾನೂ ಹತ್ತಲ್ಲ, ಇವರನ್ನೂ ಹತ್ಸಲ್ಲ."

ಡ್ರೈವರ್ ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಹೇಳಿದರು: ಪೆಡಲ್ ಒತ್ತಿದೆ, ಮುಳ್ಳು ಇಳಿಯಿತು, ಆಮೇಲೆ ಮೇಲೇರಲೇ ಇಲ್ಲ. ಇಂಜಿನ್ ಓಡಿಸಲು ಹೇಳಿ ಡ್ರೈಯರ್ ಹತ್ತಿರ ಕಿವಿಯಿಟ್ಟೆ. ಸಣ್ಣಗೆ, ನಿಲ್ಲದೆ ಸುಯ್ಯೆನ್ನುತ್ತಿತ್ತು. ಮೊದಲ ಸೀನಿಗೆ ತೆರೆದ ವಾಲ್ವ್ ಮುಚ್ಚಿಕೊಂಡಿರಲಿಲ್ಲ. ಕಂಪ್ರೆಸರ್ ಎಷ್ಟು ಗಾಳಿ ಕಳಿಸಿದರೂ ಅದು ರಸ್ತೆಗೇ ಹೋಗುತ್ತಿತ್ತು. ಒಂದು ಸೀನನ್ನು ನಂಬಿ, ತುಂಬಿದ ಟ್ಯಾಂಕು ನೋಡಿಕೊಂಡು ಹೊರಟಿದ್ದರೆ ಬಸ್ಸು ಘಾಟಿಯವರೆಗೇನೂ ಹೋಗುತ್ತಿರಲಿಲ್ಲ. ಊರು ದಾಟುವ ಹೊತ್ತಿಗೆ ಗಾಳಿ ಮುಗಿದು, ಗಾಳಿಯ ಬಲವೇ ಬಿಡಿಸಿ ಹಿಡಿದಿರುವ ಸ್ಪ್ರಿಂಗ್ ಬ್ರೇಕ್ ಹೆದ್ದಾರಿಯ ನಡುವೆ ತಾನಾಗಿ ಕಚ್ಚಿಕೊಂಡು ಬಸ್ಸು ನಿಂತುಬಿಡುತ್ತಿತ್ತು. ಹಿಂದೆ ಬರುವ ಲಾರಿಗೆ ಅದು ಗೊತ್ತಾಗಬೇಕಲ್ಲ.

ಅದೇ ಜಾಗದಲ್ಲಿ ಬಿಚ್ಚಲು ಕೂತೆ. ಚಕ್ರಗಳಿಗೆ ಕಲ್ಲು ಕೊಡಿಸಿ, ಇಂಜಿನ್ ನಿಲ್ಲಿಸಿ, ಡ್ರೈಯರ್‌ನಲ್ಲಿ ಉಳಿದ ಗಾಳಿಯನ್ನು ಪೂರ್ತಿ ಬಿಟ್ಟೆ. ಅಡುಗೆಯವರು ಅಕ್ಕಿಯ ಖಾಲಿ ಗೋಣಿಚೀಲ ಹಾಸಿಕೊಟ್ಟರು. ಡಬ್ಬದ ತಳದ ಬಿಗಿಯುಂಗುರ ಕಳಚಿ ವಾಲ್ವನ್ನು ಹೊರತೆಗೆದು ನೋಡಿದರೆ, ಅದು ಕೂರುವ ಜಾಗದಲ್ಲಿ ಎಳ್ಳಿನಷ್ಟು ಕರಕಲು ಚೂರು ಸಿಕ್ಕಿಕೊಂಡಿತ್ತು. ರಬ್ಬರ್ ರಿಂಗು ಅದರ ಮೇಲೆ ಒತ್ತಿ ಒತ್ತಿ ಕಚ್ಚಿಹೋಗಿತ್ತು. ಜಾಗವನ್ನು ಬಟ್ಟೆಯಿಂದ ಒರೆಸಿ, ಬ್ಯಾಗಿನಲ್ಲಿದ್ದ ಹೊಸ ರಬ್ಬರ್ ಕಿಟ್ ಹಾಕಿ, ತೆಳ್ಳಗೆ ಗ್ರೀಸು ಸವರಿ ಕೂರಿಸಿದೆ. ನನ್ನ ತಲೆಯ ಬಳಿ ಸಾಲಾಗಿ ಚಪ್ಪಲಿಗಳು ನಿಂತಿದ್ದವು. ಮೇಲಿನಿಂದ ಒಬ್ಬರು ಆಗಾಗ ರಾಹುಕಾಲಕ್ಕೆ ಉಳಿದ ಹೊತ್ತನ್ನು ಕೂಗುತ್ತಿದ್ದರು. ಅದರಿಂದ ಕೆಲಸವೇನೂ ಬೇಗ ಆಗಲಿಲ್ಲ.

ಅಡುಗೆಯವರ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ, ಇಂಜಿನ್ ಓಡಿಸಿ, ಬಿಚ್ಚಿದ ಕಡೆಯೆಲ್ಲ ಹಚ್ಚಿದೆ. ಎಲ್ಲೂ ಗುಳ್ಳೆ ಏಳಲಿಲ್ಲ. ಮುಳ್ಳು ಏರಿತು. ಮೊದಲ ಸೀನು ಬಂತು. ಡ್ರೈವರ್ ಪೆಡಲ್ ಒತ್ತತೊಡಗಿದರು. ಮುಳ್ಳು ಇಳಿಯಿತು, ಒಂದು ಕ್ಷಣ ನಿಂತಿತು, ಆಮೇಲೆ ನಿಧಾನವಾಗಿ ಮೇಲೇರಿತು. ಟೀಚರಮ್ಮ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ಎರಡನೆಯ ಸೀನು ಬಂದಾಗ ಫುಟ್‌ಪಾತಿನಲ್ಲಿ ನಿಂತವರೆಲ್ಲ ಒಟ್ಟಿಗೆ "ಗೋವಿಂದಾ" ಎಂದ ಸದ್ದಿಗೆ ಅಕ್ಕಪಕ್ಕದ ಮನೆಗಳ ಕಿಟಕಿ ತೆರೆದವು. ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಟೀಚರಮ್ಮ ಹತ್ತುವ ಮುಂಚೆ ನನ್ನ ಗ್ರೀಸು ಕೈಗೇ ಒಂದು ಕೊಬ್ಬರಿ ಮಿಠಾಯಿ ಇಟ್ಟರು.

ಬಸ್ಸು ಹೊರಟಿತು. ಮಾಲೀಕರು ನಾನು ಬಿಚ್ಚಿ ತೆಗೆದ ಹಳೆಯ ರಬ್ಬರ್ ರಿಂಗನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದರು. ವಾಲ್ವ್ ಮುಚ್ಚಿರಲಿಲ್ಲವೆಂದು ನಾನು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿತ್ತು.

"ಉಳಿದ ಎರಡು ಬಸ್ಸು ಯಾವತ್ತು ಕಳಿಸ್ಲಿ?" ಎಂದು ಕೇಳಿದರು. "ಅವಕ್ಕೂ ಹಾಕ್ಬಿಡಿ. ವರ್ಷದ ಕೆಲಸ ಎಲ್ಲಾ ನಿಮ್ದೇ."

ನಾಳೆಯೇ ಕಳಿಸಿ ಎಂದೆ. ಅವರು ಸ್ಕೂಟರಿನ ಹತ್ತಿರ ಹೋಗಿ ಕಿಕ್ಕರ್ ಮೇಲೆ ಕಾಲಿಟ್ಟರು. ಅಷ್ಟರಲ್ಲಿ ತಿರುವಿನ ಆಚೆ, ಆಟೋಗಳಿಗೂ ಹಾಲಿನ ಸೈಕಲ್ಲುಗಳಿಗೂ ಬ್ರೇಕ್ ಒತ್ತುತ್ತಾ ಹೋಗುತ್ತಿದ್ದ ನಮ್ಮ ಬಸ್ಸು "ಫ್ಛೀ" ಎಂದಿತು. ಮಾಲೀಕರ ಕಾಲು ಕಿಕ್ಕರ್ ಮೇಲೆಯೇ ನಿಂತಿತು.

"ಮೂರಾಯ್ತಲ್ಲಮ್ಮ?"

"ಸರ್ಕಲ್ ದಾಟೋ ಹೊತ್ತಿಗೆ ಇನ್ನೊಂದಾಗುತ್ತೆ ಸಾರ್."

ಅವರು ತಲೆಯಾಡಿಸಿದರು. ಸ್ಕೂಟರ್ ಮಾತ್ರ ಶುರುಮಾಡಲಿಲ್ಲ. ನಾನೂ ಬ್ಯಾಗಿಗೆ ಸ್ಪ್ಯಾನರ್ ತುಂಬುವುದನ್ನು ನಿಲ್ಲಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಸರ್ಕಲ್ ಕಡೆಯಿಂದ, ಹಾರನ್ನುಗಳ ನಡುವೆ, ಅದು ಸಣ್ಣಗೆ ಕೇಳಿತು. ಮಾಲೀಕರು ಸ್ಕೂಟರಿಗೆ ಕಿಕ್ ಹೊಡೆದರು.